ಗಾಜಿನ ಮನೆಯ ತೀರ್ಮಾನ

ವಿಜಾಪುರದಿಂದ ಬಸವನ ಬಾಗೇವಾಡಿಯ ಕಡೆಗೆ ಹೊರಟ ಪ್ರಯಾಣಿಕನಿಗೆ ಮನಗೂಳಿ ಎಂಬ ಊರು ದಾರಿಯಲ್ಲಿ ದೊರೆಯುತ್ತದೆ. ಎರೆಹೊಲಗಳ ನಡುವಿನ ಈ ಊರನ್ನು ಇತಿಹಾಸದ ವಿದ್ಯಾರ್ಥಿಗಳು ಅದರ ಶಾಸನಗಳಿಗಾಗಿ ಬಲ್ಲರು. ಹನ್ನೆರಡನೆಯ ಶತಮಾನದ ಆ ಕಲ್ಬರಹಗಳಲ್ಲಿ ಕಾಣಬರುವ ಅರಸರಲ್ಲಿ ಕಳಚುರಿ ವಂಶದ ಬಿಜ್ಜಳನೂ ಒಬ್ಬನು. ಈತನು ಮೊದಲು ಕಲ್ಯಾಣದ ಚಾಲುಕ್ಯರ ಮಾಂಡಲಿಕ. ಅನಂತರ ಒಡೆಯನ ಸಿಂಹಾಸನವನ್ನೇ ಕೈವಶ ಮಾಡಿಕೊಂಡವನು. ಆತನ ತರುವಾಯ ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. ಎರಡು ದಶಕಗಳು ತುಂಬುವ ಮೊದಲೇ ಆ ರಾಜ್ಯವು ಕರಗಿಹೋಯಿತು. ಮುಂದೆ ಪೀಠವನ್ನೇರತಕ್ಕವರು ಯಾರು ಎಂಬ ಪ್ರಶ್ನೆಗೆ ಆ ಕಾಲವು ಕಂಡುಕೊಂಡಿದ್ದ ಉತ್ತರವೆಂದರೆ ಕತ್ತಿ.

ನಮ್ಮ ಕಾಲವು ಅದೇ ಪ್ರಶ್ನೆಗೆ ಮತಪತ್ರವೆಂಬ ಉತ್ತರವನ್ನು ಕೊಟ್ಟಿದೆ. ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ಉತ್ತರ ಬದಲಾದ ಮಾತ್ರಕ್ಕೆ ಪ್ರಶ್ನೆಯ ಕಾವು ಆರಿಹೋಗುವುದಿಲ್ಲ. 1969ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿಯು ನೆರೆದಿದ್ದಾಗ, ರಾಷ್ಟ್ರಪತಿ ಪದವಿಗೆ ಪಕ್ಷದ ಉಮೇದುವಾರರು ಯಾರಾಗಬೇಕೆಂಬ ಪೈಪೋಟಿಯು ಎಂಬತ್ತು ವರ್ಷಗಳಿಗೆ ಮೀರಿದ ಆ ಸಂಸ್ಥೆಯನ್ನು ಎರಡಾಗಿ ಸೀಳಿತು. ಆ ಪ್ರಸಂಗವನ್ನು ಇಂದು ತುಸು ವಿಚಾರ ಮಾಡೋಣ. ಕನ್ನಡನಾಡಿನವರು ಅದರಲ್ಲಿ ಬರಿಯ ಪ್ರೇಕ್ಷಕರಾಗಿರಲಿಲ್ಲ. ಅಖಂಡ ವಿಜಾಪುರ ಜಿಲ್ಲೆಯ ಹೆಸರು ಅದರ ಹಿನ್ನೆಲೆಯಲ್ಲಿಯೂ ಇದೆ, ಅದರ ಕಡೆಯ ಅಂಕದಲ್ಲಿಯೂ ಇದೆ.

ಮೊದಲು ವಿಧಾನವನ್ನು ನೆನೆಯಬೇಕು. ಭಾರತದ ರಾಷ್ಟ್ರಪತಿಯನ್ನು ಜನರು ನೇರವಾಗಿ ಆರಿಸುವುದಿಲ್ಲ. ಪಾರ್ಲಿಮೆಂಟಿನ ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಗುಪ್ತ ಮತದಾನದಿಂದ ಆರಿಸುತ್ತಾರೆ. ಶಾಸಕನ ಮತಕ್ಕೆ ಆತನ ರಾಜ್ಯದ ಜನಸಂಖ್ಯೆಗೆ ತಕ್ಕ ಬೆಲೆಯುಂಟು. 1961ರ ಜನಗಣತಿಯಂತೆ ಮೈಸೂರು ರಾಜ್ಯದಲ್ಲಿದ್ದವರು ಸುಮಾರು 2 ಕೋಟಿ 36 ಲಕ್ಷ ಮಂದಿ. ವಿಧಾನಸಭೆಯ ಸದಸ್ಯರು 216. ಲೆಕ್ಕ ಹಾಕಿದರೆ ಒಬ್ಬೊಬ್ಬ ಶಾಸಕನ ಮತಕ್ಕೆ 109ರ ಬೆಲೆ ಬರುತ್ತದೆ. ಪಾರ್ಲಿಮೆಂಟಿನ ಸದಸ್ಯನ ಮತಕ್ಕೆ ಆಗ 576ರ ಬೆಲೆಯಿತ್ತು. ಹೀಗೆ ಮನಗೂಳಿಯ ಒಕ್ಕಲಿಗನ ಧ್ವನಿಯೂ ತನ್ನ ಶಾಸಕನ ಕೈಯ ಮತಪತ್ರದ ಮೂಲಕ ರಾಷ್ಟ್ರಪತಿಯ ಪೀಠದವರೆಗೆ ಮುಟ್ಟುತ್ತದೆ. ಮತದಾರನು ಉಮೇದುವಾರರ ಹೆಸರುಗಳ ಮುಂದೆ 1, 2, 3 ಎಂದು ತನ್ನ ಒಲವಿನ ಕ್ರಮವನ್ನು ಬರೆಯಬಹುದು. ಮೊದಲನೆಯ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕೆ ಮೀರಿದ ಮತ ಬಾರದೆ ಹೋದರೆ, ಹಿಂದೆ ಬಿದ್ದವರ ಮತಪತ್ರಗಳಲ್ಲಿರುವ ಎರಡನೆಯ ಒಲವನ್ನು ನೋಡುತ್ತಾರೆ. ರಾಜ್ಯಾಂಗದ ಈ ಪ್ರಕರಣದಲ್ಲಿ ಪಕ್ಷವೆಂಬ ಮಾತೇ ಬರುವುದಿಲ್ಲ. ಆದರೂ ಉಮೇದುವಾರರನ್ನು ನಿಲ್ಲಿಸುವವು ಪಕ್ಷಗಳೇ. ಕಥೆಯ ಬೀಜವೆಲ್ಲ ಇಲ್ಲಿದೆ.

ಇನ್ನು ಪಾತ್ರಗಳು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಶ್ರೀ ಎಸ್. ನಿಜಲಿಂಗಪ್ಪನವರು. ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದವರು ಅವರು. 1962ರಿಂದ 1968ರವರೆಗೆ ಅವರು ಮತ್ತೆ ಮುಖ್ಯಮಂತ್ರಿಗಳಾಗಿದ್ದಾಗ ಎರಡು ವರ್ಷ ಕಾಲ ಮೈಸೂರಿನ ರಾಜ್ಯಪಾಲರಾಗಿದ್ದವರು ಶ್ರೀ ವಿ. ವಿ. ಗಿರಿಯವರು. ರಾಜಭವನವೂ ವಿಧಾನಸೌಧವೂ ಎದುರುಬದುರಿನ ನೆರೆಮನೆಗಳಂತಿರುವುದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆ ನೆರೆಯವರಿಬ್ಬರು ಇನ್ನೆರಡೇ ವರ್ಷಗಳಲ್ಲಿ ಒಂದು ಮಹಾಸ್ಪರ್ಧೆಯ ಎರಡು ಕಡೆಗಳಲ್ಲಿ ನಿಲ್ಲುವರೆಂದು ಆಗ ಯಾರು ತಾನೆ ಎಣಿಸಿದ್ದರು?

ಅತ್ತ ದೆಹಲಿಯಲ್ಲಿ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯ ನಾಯಕರಿಗೂ ಮನಸ್ಸುಗಳು ಕೂಡಿರಲಿಲ್ಲ. ಶ್ರೀ ಕಾಮರಾಜ್, ಶ್ರೀ ಎಸ್. ಕೆ. ಪಾಟೀಲ್, ಶ್ರೀ ಅತುಲ್ಯ ಘೋಷ್, ಶ್ರೀ ನಿಜಲಿಂಗಪ್ಪ ಮೊದಲಾದ ಈ ಹಿರಿಯರ ಕೂಟವನ್ನು ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆದವು. 1967ರ ಚುನಾವಣೆಯಲ್ಲಿ ಪಕ್ಷವು ಹಲವು ರಾಜ್ಯಗಳನ್ನು ಕಳೆದುಕೊಂಡು, ಲೋಕಸಭೆಯಲ್ಲಿಯೂ ತೆಳುವಾದ ಬಹುಮತದಿಂದ ಬದುಕಿತ್ತು. ಸರಕಾರವು ಸಂಸ್ಥೆಯ ಮಾತನ್ನು ಕೇಳತಕ್ಕುದೋ, ಸಂಸ್ಥೆಯು ಸರಕಾರದ ಮಾತನ್ನು ಕೇಳತಕ್ಕುದೋ ಎಂಬ ಹಳೆಯ ವ್ಯಾಜ್ಯವು ಬೂದಿ ಮುಚ್ಚಿದ ಕೆಂಡದಂತಿತ್ತು.

1969ರ ಮೇ 3ರಂದು ರಾಷ್ಟ್ರಪತಿ ಡಾಕ್ಟರ್ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ಕಾಲವಾದರು. ಉಪರಾಷ್ಟ್ರಪತಿಗಳಾಗಿದ್ದ ಗಿರಿಯವರು ಹಂಗಾಮಿಯಾಗಿ ಆ ಸ್ಥಾನವನ್ನು ವಹಿಸಿಕೊಂಡರು. ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕೆಂಬುದು ರಾಜ್ಯಾಂಗದ ಕಟ್ಟಳೆ. ಕೆಂಡದ ಮೇಲಿನ ಬೂದಿ ಹಾರಿತು.

ಜುಲೈ 12ರಂದು ಬೆಂಗಳೂರಿನಲ್ಲಿ ಪಕ್ಷದ ಪಾರ್ಲಿಮೆಂಟರಿ ಮಂಡಲಿಯು ಸೇರಿತು. ಸದಸ್ಯರು ಎಂಟೇ ಮಂದಿ. ಹಿರಿಯರು ಸೂಚಿಸಿದ ಹೆಸರು ಲೋಕಸಭೆಯ ಅಧ್ಯಕ್ಷರಾಗಿದ್ದ ಶ್ರೀ ನೀಲಂ ಸಂಜೀವ ರೆಡ್ಡಿಯವರದು. ಪ್ರಧಾನಮಂತ್ರಿಗಳು ಸೂಚಿಸಿದುದು ಶ್ರೀ ಜಗಜೀವನ್ ರಾಮರದು. ಆ ವರ್ಷ ಗಾಂಧೀಜಿಯವರ ಜನ್ಮಶತಾಬ್ದಿ. ದಲಿತ ಸಮಾಜದ ಹಿರಿಯ ನಾಯಕರೊಬ್ಬರು ರಾಷ್ಟ್ರಪತಿಗಳಾಗುವುದು ಉಚಿತವೆಂಬ ವಾದಕ್ಕೆ ತೂಕವಿಲ್ಲದಿರಲಿಲ್ಲ. ಕಾಮರಾಜ್, ಪಾಟೀಲ್, ಮೊರಾರ್ಜಿ ದೇಸಾಯಿ, ಚವಾಣ್—ಈ ನಾಲ್ವರು ರೆಡ್ಡಿಯವರ ಪರವಾದರು. ಇಂದಿರಾ ಗಾಂಧಿಯವರೂ ಫಕ್ರುದ್ದೀನ್ ಅಲಿ ಅಹಮದರೂ ಜಗಜೀವನ್ ರಾಮರ ಪರವಾದರು. ನಾಲ್ಕಕ್ಕೆ ಎರಡು: ರೆಡ್ಡಿಯವರು ಪಕ್ಷದ ಉಮೇದುವಾರರಾದರು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಸಂಜೀವ ರೆಡ್ಡಿಯವರು 1967ರಲ್ಲಿ ಲೋಕಸಭೆಯ ಅಧ್ಯಕ್ಷರಾದಾಗ, ಆ ಪೀಠದ ನಿಷ್ಪಕ್ಷಪಾತಕ್ಕೆ ಕುಂದು ಬಾರದಿರಲೆಂದು ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟಿದ್ದರು. ಅಂಥವರೇ ಎರಡು ವರ್ಷಗಳ ಅನಂತರ ಪಕ್ಷದೊಳಗಿನ ಒಂದು ಬಣದ ಗುರುತಾಗಿ ನಿಂತರು. ರೆಡ್ಡಿಯವರು ಗೆದ್ದರೆ ಅವರ ಮೂಲಕ ಹಿರಿಯರು ತಮ್ಮನ್ನು ಪ್ರಧಾನಮಂತ್ರಿ ಪದವಿಯಿಂದ ಇಳಿಸುವರೆಂಬ ಶಂಕೆ ಇಂದಿರಾ ಗಾಂಧಿಯವರ ಪಕ್ಷದವರಲ್ಲಿತ್ತು. ಶಂಕೆಗೆ ಆಧಾರವೆಷ್ಟಿತ್ತೆಂಬುದನ್ನು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ರಾಜಕಾರಣದಲ್ಲಿ ಶಂಕೆಯೂ ಒಂದು ಶಕ್ತಿಯೆಂಬುದು ಆ ಬೇಸಗೆಯಲ್ಲಿ ಚೆನ್ನಾಗಿ ತಿಳಿದುಬಂತು.

ಮುಂದಿನ ಸಂಗತಿಗಳು ದಿನಕ್ಕೊಂದರಂತೆ ನಡೆದವು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸಿನ ಖಾತೆಯು ಹೋಯಿತು. ಅವರು ಮಂತ್ರಿಮಂಡಲವನ್ನೇ ಬಿಟ್ಟರು. 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆಯು ಹೊರಟಿತು. ನಮ್ಮ ನಾಡಿನ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಸೇರಿದ್ದವು. ಆ ಆಜ್ಞೆಗೆ ಅಂಕಿತ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿಯವರು. ಮರುದಿನವೇ ಅವರು ಎರಡು ಪದವಿಗಳಿಗೂ ರಾಜೀನಾಮೆಯಿತ್ತು ಸ್ವತಂತ್ರ ಉಮೇದುವಾರರಾಗಿ ಕಣಕ್ಕಿಳಿದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾರವರು ಹಂಗಾಮಿ ರಾಷ್ಟ್ರಪತಿಗಳಾದರು. ಸ್ವತಂತ್ರ ಪಕ್ಷವೂ ಜನಸಂಘವೂ ಶ್ರೀ ಸಿ. ಡಿ. ದೇಶಮುಖರನ್ನು ಬೆಂಬಲಿಸಿದವು.

ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೂ ರುಜು ಹಾಕಿದ್ದರು. ಆದರೆ ರುಜು ಬೇರೆ, ಮನಸ್ಸು ಬೇರೆ. ಈ ನಡುವೆ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷದ ಮತ್ತು ಜನಸಂಘದ ಮುಖಂಡರನ್ನು ಕಂಡು, ಅವರ ಎರಡನೆಯ ಒಲವಿನ ಮತಗಳಾದರೂ ರೆಡ್ಡಿಯವರಿಗೆ ಬರಲೆಂದು ಮಾತನಾಡಿದರು. ಎಣಿಕೆಯ ದೃಷ್ಟಿಯಿಂದ ಇದು ಸಹಜವಾದ ನಡೆ. ಆದರೆ ಎದುರಾಳಿಗಳ ಕೈಗೆ ದೊರೆತ ಅಸ್ತ್ರವೂ ಇದೇ ಆಯಿತು. ಪಕ್ಷದ ಅಧ್ಯಕ್ಷರೇ ಪರಪಕ್ಷಗಳೊಡನೆ ಮಾತುಕತೆ ನಡೆಸಿದ ಮೇಲೆ ಸದಸ್ಯರನ್ನು ಕಟ್ಟಿಹಾಕುವುದು ನ್ಯಾಯವಲ್ಲ, ಪ್ರತಿಯೊಬ್ಬರೂ ಆತ್ಮಸಾಕ್ಷಿಯಂತೆ ಮತ ಕೊಡಲಿ ಎಂಬ ಕೂಗೆದ್ದಿತು. ಪಕ್ಷದ ಆಜ್ಞೆಯನ್ನು ಹೊರಡಿಸಬೇಕೆಂದು ಅಧ್ಯಕ್ಷರು ಕೇಳಿದರು, ಪ್ರಧಾನಮಂತ್ರಿಗಳು ಒಪ್ಪಲಿಲ್ಲ.

ಈ ‘ಆತ್ಮಸಾಕ್ಷಿ’ಯ ಮಾತು ಬಂದಾಗಲೆಲ್ಲ ನಮ್ಮ ಕಾಲೇಜಿನ ತರಗತಿಗಳಲ್ಲಿ ಚರ್ಚೆ ಏಳುವುದುಂಟು. ಕೆಲವು ವಿದ್ಯಾರ್ಥಿಗಳು ಇದು ಬರಿಯ ತಂತ್ರವೆನ್ನುವರು. ಮತ್ತೆ ಕೆಲವರು ಗುಪ್ತ ಮತದಾನವಿರುವುದೇ ಆತ್ಮಸಾಕ್ಷಿಗಾಗಿ ಅಲ್ಲವೇ ಎನ್ನುವರು. ಎರಡು ಮಾತುಗಳಲ್ಲಿಯೂ ಸತ್ಯವಿದೆಯೆಂದು ನಮಗೆ ತೋರುತ್ತದೆ. ಒಳ್ಳೆಯ ತತ್ತ್ವವು ಸಮಯಸಾಧಕವಾಗಿ ಬಳಕೆಯಾದರೂ ತತ್ತ್ವವಾಗಿಯೇ ಉಳಿಯುತ್ತದೆ. ಆದರೆ ತಾನೇ ರುಜು ಹಾಕಿದ ಹೆಸರಿನ ವಿರುದ್ಧವಾಗಿ ಅದನ್ನು ಎತ್ತಿ ಹಿಡಿದಾಗ ಅದರ ಹೊಳಪು ಮಾಸುತ್ತದೆ.

ಆಗಸ್ಟ್ 16ರಂದು ಮತದಾನವಾಯಿತು, 20ರಂದು ಎಣಿಕೆ. ಮೊದಲ ಒಲವಿನ ಮತಗಳ ಬೆಲೆ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲುವಿಗೆ ಬೇಕಾದುದು 4,18,169. ಯಾರೂ ಅದನ್ನು ಮುಟ್ಟಿರಲಿಲ್ಲ. ಎರಡನೆಯ ಒಲವುಗಳನ್ನು ಎಣಿಸುತ್ತ ಹೋದಂತೆ ರೆಡ್ಡಿಯವರ ಮೊತ್ತ ಏರುತ್ತ ಬಂದು 4,05,427ಕ್ಕೆ ನಿಂತಿತು, ಗಿರಿಯವರದು 4,20,077. ಅಂತರವು ಹದಿನೈದು ಸಾವಿರಕ್ಕೂ ಕಡಿಮೆ. 1952ರಿಂದ 2022ರವರೆಗಿನ ರಾಷ್ಟ್ರಪತಿ ಚುನಾವಣೆಗಳಲ್ಲಿ ಎರಡನೆಯ ಒಲವಿನಿಂದ ತೀರ್ಮಾನವಾದುದು ಇದೊಂದೇ. ಪಕ್ಷದ ಅಧಿಕೃತ ಉಮೇದುವಾರರನ್ನು ಪಕ್ಷದವರ ಮತಗಳೇ ಸೋಲಿಸಿದ್ದವು.

ಫಲವು ಬೇಗನೆ ತೋರಿತು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಸಂಸ್ಥೆಯು ಇಂದಿರಾ ಗಾಂಧಿಯವರನ್ನು ಹೊರಹಾಕಿತು. ಆದರೆ ಪಾರ್ಲಿಮೆಂಟಿನ ಕಾಂಗ್ರೆಸ್ ಸದಸ್ಯರಲ್ಲಿ ಹೆಚ್ಚಿನವರು ಅವರೊಡನೆಯೇ ಉಳಿದರು. ಒಂದು ಕಾಂಗ್ರೆಸ್ಸು ಎರಡಾಯಿತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಶ್ರೀ ವೀರೇಂದ್ರ ಪಾಟೀಲರು ಹಿರಿಯರ ಕಡೆ ನಿಂತರು. ಶ್ರೀ ದೇವರಾಜ ಅರಸರು ಇಂದಿರಾ ಗಾಂಧಿಯವರ ಕಡೆಯ ಕಾಂಗ್ರೆಸ್ಸನ್ನು ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಅರಸರ ಕಡೆಗೆ ಬಂದವು. ವೀರೇಂದ್ರ ಪಾಟೀಲರ ಸರಕಾರವು ಉರುಳಿತು. 1972ರಲ್ಲಿ ಅರಸರು ಮುಖ್ಯಮಂತ್ರಿಗಳಾದರು. ಹರಿದು ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸಿದವರ ಸಾಲಿನಲ್ಲಿ ನಿಂತ ನಿಜಲಿಂಗಪ್ಪನವರಿಗೆ ತಮ್ಮ ಪಕ್ಷದ ವಿಭಜನೆಯನ್ನು ಅಧ್ಯಕ್ಷಪೀಠದಿಂದ ನೋಡುವ ಯೋಗ ಬಂದಿತಲ್ಲಾ ಎಂದು ನೆನೆದಾಗ ಮನಸ್ಸಿಗೆ ಖೇದವಾಗುತ್ತದೆ.

ಈ ಪೈಪೋಟಿಯು ಹೀಗೆಯೇ ಕೊನೆಗಾಣಬೇಕಾಗಿತ್ತೆ? ಹಾಗೇನೂ ಇಲ್ಲವೆಂಬುದಕ್ಕೆ ನಿಜಲಿಂಗಪ್ಪನವರ ಜೀವನದಲ್ಲಿಯೇ ವಿಜಾಪುರ ಜಿಲ್ಲೆಯ ನಿದರ್ಶನವೊಂದುಂಟು. 1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು. ಆಗ ಪಕ್ಷವು ಅದೇ ಜಿಲ್ಲೆಯ ಹುನಗುಂದದ ಶ್ರೀ ಎಸ್. ಆರ್. ಕಂಠಿಯವರನ್ನು ಮುಖ್ಯಮಂತ್ರಿಗಳನ್ನಾಗಿ ಆರಿಸಿತು. ಅನಂತರ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದರು. ಬಾಗಲಕೋಟೆಯೂ ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. ಮೂರು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ಕಂಠಿಯವರು ಪದವಿಯನ್ನು ಅವರಿಗೆ ಬಿಟ್ಟುಕೊಟ್ಟು, ಅವರದೇ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ಕೆಲಸ ಮಾಡಿದರು. ಏರಿದ ಪೀಠದಿಂದ ಇಳಿದು ಅದೇ ಸಭೆಯಲ್ಲಿ ಕೆಳಗೆ ಕುಳಿತುಕೊಳ್ಳುವುದು ಸುಲಭವಲ್ಲ. ಅಲ್ಲಿ ಬಿಟ್ಟುಕೊಡುವ ಒಬ್ಬರಿದ್ದರು. ಗಾಜಿನ ಮನೆಯ ಆ ದಿನಗಳಲ್ಲಿ ಬಿಟ್ಟುಕೊಡುವವರು ಯಾರೂ ಇರಲಿಲ್ಲ.

ಕಥೆಗೆ ಕಡೆಯ ಅಂಕವೊಂದಿದೆ. ಬೆಂಗಳೂರಿನಲ್ಲಿ ರೆಡ್ಡಿಯವರಿಗೆ ವಿರುದ್ಧವಾಗಿ ಮತ ಕೊಟ್ಟಿದ್ದ ಫಕ್ರುದ್ದೀನ್ ಅಲಿ ಅಹಮದರು 1974ರಲ್ಲಿ ತಾವೇ ರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ಅವರೂ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಆಗ ಹಂಗಾಮಿ ರಾಷ್ಟ್ರಪತಿಗಳಾದವರು ಉಪರಾಷ್ಟ್ರಪತಿ ಶ್ರೀ ಬಿ. ಡಿ. ಜತ್ತಿಯವರು: ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಗಳಾಗಿದ್ದು, 1958ರಲ್ಲಿ ನಿಜಲಿಂಗಪ್ಪನವರ ತರುವಾಯ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದವರು. ಅದೇ ವರ್ಷದ ಜುಲೈ 25ರಂದು, ಎದುರಾಳಿಯೇ ಇಲ್ಲದೆ ಆಯ್ಕೆಯಾದ ಹೊಸ ರಾಷ್ಟ್ರಪತಿಗಳಿಗೆ ಜತ್ತಿಯವರು ಆ ಪೀಠವನ್ನು ತೆರವುಮಾಡಿಕೊಟ್ಟರು. ಹೊಸಬರ ಹೆಸರು ನೀಲಂ ಸಂಜೀವ ರೆಡ್ಡಿ.

ಎಂಟು ವರ್ಷಗಳ ಹಿಂದೆ ಯಾವ ಹೆಸರಿಗಾಗಿ ಒಂದು ಮಹಾಸಂಸ್ಥೆಯು ಒಡೆದಿತ್ತೋ ಅದೇ ಹೆಸರನ್ನು ಈಗ ಎಲ್ಲ ಪಕ್ಷಗಳೂ ಒಪ್ಪಿದ್ದವು. ವ್ಯಕ್ತಿ ಬದಲಾಗಿರಲಿಲ್ಲ, ಆತನನ್ನು ಸೂಚಿಸುವವರ ಉದ್ದೇಶ ಬದಲಾಗಿತ್ತು. 1969ರಲ್ಲಿ ಎರಡು ಕಡೆಯವರಿಗೂ ಬೇಕಾಗಿದ್ದುದು ತಮಗೆ ಒದಗುವ ರಾಷ್ಟ್ರಪತಿ. 1977ರಲ್ಲಿ ಬೇಕಾದುದು ಎಲ್ಲರೂ ಒಪ್ಪತಕ್ಕ ರಾಷ್ಟ್ರಪತಿ. ಉಮೇದುವಾರರನ್ನು ಹುಡುಕುವುದು ಪಕ್ಷದ ಕೆಲಸವಾದರೂ, ಪ್ರಮಾಣವಚನವನ್ನು ಸ್ವೀಕರಿಸಿದ ಗಳಿಗೆಯಿಂದ ಆ ಪೀಠವು ಪಕ್ಷದ್ದಲ್ಲ. ಈ ಒಂದು ಮಾತನ್ನು ಗಾಜಿನ ಮನೆಯಲ್ಲಿ ಎರಡು ಕಡೆಯವರೂ ನೆನೆದಿದ್ದರೆ ನಾಲ್ಕಕ್ಕೆ ಎರಡೆಂಬ ಎಣಿಕೆಯು ಅಲ್ಲಿಗೇ ಮುಗಿಯುತ್ತಿತ್ತು.

ಲಾಲ್‌ಬಾಗಿಗೆ ಫಲಪುಷ್ಪ ಪ್ರದರ್ಶನಕ್ಕೆಂದು ಹೋದಾಗ ನಾವು ಹೂವುಗಳನ್ನು ನೋಡಿ ಹಿಂದಿರುಗುತ್ತೇವೆ. ಮುಂದಿನ ಸಲ ಹೋದಾಗ ಆ ಗಾಜಿನ ಮಾಡಿನ ಕೆಳಗೆ ಅರೆನಿಮಿಷ ನಿಂತು ಈ ಕಥೆಯನ್ನೂ ನೆನೆಯೋಣ. ಮನಗೂಳಿಯ ಕಲ್ಲು ತನ್ನ ಕಾಲದ ಅರಸರ ಹೆಸರನ್ನು ಉಳಿಸಿಕೊಂಡಿದೆ. ಗಾಜಿನ ಮೇಲೆ ಯಾರೂ ಶಾಸನವನ್ನು ಬರೆಯಲಾರರು. ಅದನ್ನು ನೆನಪಿನಲ್ಲಿಡುವ ಭಾರವು ನಮ್ಮದೇ.