ನೋಡುವವರ ಆಟ

"ಮಾಮಿ, ಕೋಣ ಓಡುವುದನ್ನು ಜನ ರಾತ್ರಿಯಿಡೀ ನಿದ್ದೆಗೆಟ್ಟು ನೋಡುತ್ತಾರೆ. ನಮ್ಮ ಆಟವನ್ನು ಮಾತ್ರ ಯಾಕೆ ನೋಡಬಾರದು?"

2022ರ ಜೂನ್ ತಿಂಗಳ ಒಂದು ಭಾನುವಾರ, ಕಾರ್ಕಳದ ಬಳಿಯ ಮಿಯಾರಿನ ನನ್ನ ತವರುಮನೆಯ ಜಗಲಿಯಲ್ಲಿ ಕುಳಿತು ಅಣ್ಣನ ಮಗ ನನ್ನನ್ನು ಕೇಳಿದ ಪ್ರಶ್ನೆ ಇದು. ಹೊರಗೆ ಮಳೆ ಹೊಯ್ಯುತ್ತಿತ್ತು. ಹಿಂದಿನ ದಿನ ಅಣ್ಣ ಕಾಪುವಿಗೆ ಫೋನು ಮಾಡಿ, "ನೀನು ಟೀಚರು. ನಿನ್ನ ಮಾತಾದರೂ ಕೇಳುತ್ತಾನೋ ನೋಡು" ಎಂದಿದ್ದ. ಪಿಯುಸಿ ಮುಗಿಸಿದ ಹುಡುಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟದ ಒಂದು ತಂಡ ಮಾಡಿದ್ದ. ಒಂದು ವರ್ಷ ಕಾಲೇಜು ಬೇಡ, ಪಂದ್ಯಗಳಲ್ಲಿ ಆಡಿ ನೋಡುತ್ತೇನೆ ಎಂಬುದು ಅವನ ಹಟ. ಮುಂದೆ ಇದೂ ಕ್ರಿಕೆಟ್ಟಿನ ಹಾಗೆ ಮನೆಮನೆಯಲ್ಲಿ ನೋಡುವ ಆಟವಾಗುತ್ತದೆ ಎಂದು ಅವನು ನಂಬಿದ್ದ.

ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬದಲಿಗೆ ಅದೇ ಜಗಲಿಯಲ್ಲಿ ನಡೆದ ಇನ್ನೊಂದು ಜಗಳ ನೆನಪಾಯಿತು. ಆಗ ಬೈಸಿಕೊಳ್ಳುತ್ತಿದ್ದವನು ಅಣ್ಣ. ಕಂಬಳದ ಹುಚ್ಚು ಹತ್ತಿ ಊರೂರು ತಿರುಗುತ್ತಿದ್ದ ಅವನಿಗೆ ಅಪ್ಪ, "ಯಾರದೋ ಕೋಣ ಓಡಿದರೆ ನಿನ್ನ ಹೊಟ್ಟೆ ತುಂಬುತ್ತದಾ?" ಎಂದು ಕೇಳುತ್ತಿದ್ದರು. ಅಣ್ಣ ತಲೆ ತಗ್ಗಿಸಿ ನಿಂತು, ಕತ್ತಲಾದ ಮೇಲೆ ಹಿತ್ತಿಲಿನಿಂದ ಜಾರಿಕೊಳ್ಳುತ್ತಿದ್ದ. ನನಗೆ ಅಂಥ ಜಾರುವ ದಾರಿಯೂ ಇರಲಿಲ್ಲ. "ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ?" ಎನ್ನುವ ಒಂದು ಮಾತಿಗೆ ನನ್ನ ಆಸೆ ಮುಗಿಯುತ್ತಿತ್ತು. ಬೆಳಗ್ಗೆ ಕೆಸರು ಮೆತ್ತಿದ ಪಂಚೆಯಲ್ಲಿ ಬಂದ ಅಣ್ಣ ಗಂಜಿ ಊಟಕ್ಕೆ ಕುಳಿತು ಯಾವ ಮನೆಯ ಕೋಣ ಹೇಗೆ ಓಡಿತು ಎಂದು ಹೇಳುವುದನ್ನು ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಕೇಳಿಸದವರ ಹಾಗೆ ಒಲೆ ಊದುತ್ತಿದ್ದ ಅಮ್ಮನೂ ಕೇಳುತ್ತಿದ್ದರು. ಹೀಗೆ ನನ್ನ ಕಂಬಳವೆಲ್ಲ ಬಹುಕಾಲ ಕಿವಿಯಲ್ಲೇ ನಡೆಯಿತು. ಕೆಲಸಕ್ಕೆ ಸೇರಿದ ಮೇಲೆ ಸಹೋದ್ಯೋಗಿ ಗೆಳತಿಯರ ಜೊತೆ ಕಾಪು ಸಮೀಪದ ಕಟಪಾಡಿಯಲ್ಲಿ ಮೊದಲ ಬಾರಿ ಕರೆಯ ಬದಿಯಲ್ಲಿ ನಿಂತು ನೋಡಿದಾಗ, ಎಂದೋ ಕೇಳಿದ ಕತೆಯೊಳಗೆ ಹೊಕ್ಕ ಹಾಗಾಗಿತ್ತು.

ನಮ್ಮ ಊರಿನವರಿಗೆ ಕಂಬಳವೆಂದರೆ ಹುಟ್ಟಿದಂದಿನಿಂದ ಹೀಗೆಯೇ ಇದ್ದದ್ದು ಎಂಬ ಭಾವನೆ ಇದೆ. ಹಾಗಲ್ಲ. ಹಳೆಯ ಕಂಬಳ ಬೀಡಿನ, ಗುತ್ತಿನ ಮನೆಯ ದೊಡ್ಡ ಗದ್ದೆಯಲ್ಲಿ ನಡೆಯುತ್ತಿದ್ದ ಬೇಸಾಯದ ಆಚರಣೆ. ಊರ ಮನೆಗಳ ಕೋಣಗಳು ಸಿಂಗರಿಸಿಕೊಂಡು ವಾದ್ಯದೊಂದಿಗೆ ಬಂದು ಗದ್ದೆಗಿಳಿಯುತ್ತಿದ್ದವು. ಸೋಲು ಗೆಲುವಿಗಿಂತ ಗದ್ದೆಗಿಳಿಯುವುದೇ ಮುಖ್ಯ. ಗದ್ದೆಯ ನಡುವೆ ಪೂಕರೆ ನೆಡುವುದು, ಬಿತ್ತನೆ, ದೈವದ ಕಟ್ಟು ಕಟ್ಟಳೆ ಎಲ್ಲವೂ ಅದಕ್ಕೆ ಸೇರಿದ್ದವು. ಅಲ್ಲಿ ಬಂದು ನಿಲ್ಲುವುದು ಬೀಡಿನ ಮನೆಗೆ ಸಲ್ಲಿಸುವ ಮರ್ಯಾದೆಯೂ ಆಗಿತ್ತು. ಎಲ್ಲರೂ ಸಂತೋಷದಿಂದ ಬಂದರೆಂದು ಹೇಳಿದರೆ ಸುಳ್ಳಾದೀತು. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಇಬ್ಬನಿಯಲ್ಲಿ ಡೋಲು ಬಾರಿಸುತ್ತ ಬೆಳಗು ಮಾಡಬೇಕಿತ್ತು. ಕೋಣಗಳಿಗಿಂತ ಮೊದಲು ಅವರನ್ನು ಕೆಸರಿನಲ್ಲಿ ಓಡಿಸುವ ಪದ್ಧತಿಯೂ ಇತ್ತು. ಇಂಥ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಮಕ್ಕಳಿಗೆ ಕಂಬಳದ ಹೆಮ್ಮೆ ಹೇಳುವಾಗ ಇದನ್ನೂ ಹೇಳುವುದು ನನ್ನ ರೂಢಿ.

ನಾವು ಇಂದು ನೋಡುವುದು ಜೋಡುಕರೆ ಕಂಬಳ. ಅಕ್ಕಪಕ್ಕ ಎರಡು ಕರೆ, ಒಂದು ತುದಿಯಲ್ಲಿ ಗಂತು, ಇನ್ನೊಂದು ತುದಿಯಲ್ಲಿ ಮಂಜೊಟ್ಟಿ. ಎರಡು ಜೋಡಿ ಒಟ್ಟಿಗೆ ಓಡಿದಾಗ ಗೆದ್ದವರು ಯಾರೆಂದು ಎಳೆಯ ಮಗುವಿಗೂ ತಿಳಿಯುತ್ತದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಾದವು. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂದೂ ಭಾಗವಾಯಿತು. ಕನೆಹಲಗೆಯಲ್ಲಿ ಓಟದ ವೇಗವಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ತಾಗಿತು ಎಂಬುದೇ ಲೆಕ್ಕ. ವಿದ್ಯುದ್ದೀಪ ಬಂದು ರಾತ್ರಿಯೂ ಹಗಲಾಯಿತು. ಧ್ವನಿವರ್ಧಕ ಬಂದ ಮೇಲೆ ಊರಿನ ಹೆಸರು, ಯಜಮಾನರ ಹೆಸರು, ಓಡಿಸುವವನ ಹೆಸರು ತುಳುವಿನಲ್ಲಿ ಮೊಳಗತೊಡಗಿತು. ಸಮಯ ಅಳೆಯಲು ಲೇಸರ್ ಕಿರಣವೂ ಬಂತು. ಮಿಯಾರಿನಲ್ಲಂತೂ ಕೋಣ ಓಡಿಸುವ ಯುವಕರಿಗೆ ತರಬೇತಿ ಕೊಡುವ ಅಕಾಡೆಮಿಯೇ ಆಯಿತು.

ಆ ಅಳತೆಯಿಂದಾಗಿಯೇ ಹೊರಗಿನವರು ನಮ್ಮ ಕಂಬಳದ ಕಡೆ ತಿರುಗಿ ನೋಡಿದರು. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿ ಇಟ್ಟರು. ಕೋಣದ ಹಗ್ಗ ಹಿಡಿದು ಓಡುವುದಕ್ಕೂ ಒಬ್ಬನೇ ಓಡುವುದಕ್ಕೂ ಹೋಲಿಕೆ ಇಲ್ಲವೆಂದು ಗೌಡರಿಗೇ ಗೊತ್ತಿತ್ತು. ಕೇಂದ್ರದ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಕರೆದಾಗ ಅವರು ವಿನಯದಿಂದ ಬೇಡವೆಂದರು. ಆದರೆ ಕೆಸರಿನ ಗಂಧವೇ ಗೊತ್ತಿಲ್ಲದವರೂ ಆ ಅಂಕಿಯಿಂದ ಕಂಬಳವನ್ನು ಅರ್ಥ ಮಾಡಿಕೊಂಡರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು.

ಇದನ್ನೆಲ್ಲ ಅಂದು ಜಗಲಿಯಲ್ಲಿ ಹೇಳುತ್ತ ಹೋದಂತೆ ನಾನು ಹುಡುಗನ ಪರವಾಗಿಯೇ ವಾದಿಸುತ್ತಿದ್ದೇನೆ ಎಂದು ನನಗೇ ಅನ್ನಿಸಿತು. ಆಡುವವರ ಆಟ ನೋಡುವವರ ಆಟವಾಗಬೇಕಾದರೆ ಆಡಿ ಗೊತ್ತಿಲ್ಲದವರಿಗೂ ಸೋಲು ಗೆಲುವು ಕಾಣಬೇಕು. ಯಾರಾದರೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು. 'ನಮ್ಮ ಕಡೆಯವರು' ಎಂದು ಹೇಳಿಕೊಳ್ಳಲು ಅಲ್ಲಿ ಯಾರಾದರೂ ಇರಬೇಕು. ಇವು ಇದ್ದರೆ ಕೋಣವಾದರೇನು, ಮೊಬೈಲಾದರೇನು?

ಹೊರದೇಶದಲ್ಲಿ ಇದು ಆಗಿಯೂ ಹೋಗಿದೆ. 1997ರ ಆರ್ಥಿಕ ಕುಸಿತದ ನಂತರ ದಕ್ಷಿಣ ಕೊರಿಯಾದಲ್ಲಿ ಬೀದಿಬೀದಿಗೆ ಕಂಪ್ಯೂಟರ್ ಆಟದ ಅಂಗಡಿಗಳು ಹುಟ್ಟಿಕೊಂಡವು. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಎಂಬ ಆಟ ಅಲ್ಲಿನ ಯುವಕರನ್ನು ಹಿಡಿದುಬಿಟ್ಟಿತು. 2000ದಲ್ಲಿ ಇಂಥ ಪಂದ್ಯಗಳಿಗೆಂದೇ ಟಿ.ವಿ. ವಾಹಿನಿ ಶುರುವಾಯಿತು. 2004ರಲ್ಲಿ ಬುಸಾನ್ ನಗರದ ಕಡಲ ತೀರದಲ್ಲಿ ನಡೆದ ಅಂತಿಮ ಪಂದ್ಯಕ್ಕೆ ಒಂದು ಲಕ್ಷ ಜನ ಸೇರಿದ್ದರೆಂದು ವರದಿಯಾಯಿತು. ನಮ್ಮ ಕಾಪು ಕಡಲ ತೀರದಲ್ಲಿ ಅಷ್ಟು ಜನ ಕುಳಿತು ಇಬ್ಬರು ಹುಡುಗರು ಕಂಪ್ಯೂಟರ್ ಕುಟ್ಟುವುದನ್ನು ನೋಡುವುದನ್ನು ಊಹಿಸಿಕೊಳ್ಳಿ! ನಮ್ಮ ದೇಶದವರೂ ಸುಮ್ಮನಿರಲಿಲ್ಲ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಈ ಆಟಗಳಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದಿದ್ದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಅದು ಪದಕದ ಸ್ಪರ್ಧೆಯೇ ಆಯಿತು.

ಜಗಲಿಯ ಮಾತಾಗಿ ಕೆಲವೇ ದಿನಗಳಲ್ಲಿ ಹುಡುಗನ ಆಟ ಟಿ.ವಿ.ಗೂ ಬಂತು. ಕ್ರಿಕೆಟ್ ತೋರಿಸುವ ಕ್ರೀಡಾ ವಾಹಿನಿಯಲ್ಲೇ ಬಿಜಿಎಂಐ ಆಟದ ಪಂದ್ಯಾವಳಿ. ಅಣ್ಣ ಮೊದಲು ಮುಖ ತಿರುಗಿಸಿದ, ಆಮೇಲೆ ಅಡಿಕೆ ಕತ್ತರಿಸುವ ನೆಪದಲ್ಲಿ ಅಲ್ಲೇ ಕುಳಿತ, ಕೊನೆಕೊನೆಗೆ "ಆ ಹಳದಿ ಅಂಗಿಯವನು ಯಾಕೆ ಸುಮ್ಮನೆ ಬಚ್ಚಿಟ್ಟುಕೊಂಡಿದ್ದಾನೆ?" ಎಂದು ಕೇಳತೊಡಗಿದನಂತೆ. ಅತ್ತಿಗೆ ಫೋನಿನಲ್ಲಿ ನಗುತ್ತ ಹೇಳಿದರು. ಹುಡುಗ ಗೆದ್ದೆನೆಂದೇ ಎಣಿಸಿದ್ದ.

ಪಂದ್ಯಾವಳಿ ಜುಲೈಯಲ್ಲಿ ಮುಗಿಯಿತು. ಅದೇ ತಿಂಗಳ 28ರಂದು ಸರಕಾರದ ಆದೇಶದಂತೆ ಆ ಆಟವನ್ನು ಮೊಬೈಲಿನ ಅಂಗಡಿಗಳಿಂದ ತೆಗೆದುಹಾಕಲಾಯಿತು. ಎರಡು ವರ್ಷದ ಹಿಂದೆ, 2020ರ ಸೆಪ್ಟೆಂಬರ್ 2ರಂದು, ಅದರ ಅಣ್ಣನಂತಿದ್ದ ಪಬ್‌ಜಿಯನ್ನೂ ಹೀಗೆಯೇ ನಿಷೇಧಿಸಿದ್ದರು. ದೇಶದ ಸುರಕ್ಷತೆಯ ಕಾರಣಗಳಿರಬಹುದು. ಅದನ್ನು ತೂಗಿ ನೋಡುವಷ್ಟು ತಿಳಿವಳಿಕೆ ನನಗಿಲ್ಲ. ನನಗೆ ಕಂಡದ್ದು ಹದಿನೆಂಟರ ಹುಡುಗನೊಬ್ಬ ಎರಡು ದಿನ ಊಟ ಬಿಟ್ಟು ಗೋಡೆ ನೋಡುತ್ತ ಕುಳಿತದ್ದು.

ನಾನು ಮತ್ತೆ ಮಿಯಾರಿಗೆ ಹೋದೆ. ಅಣ್ಣ, "ಒಳ್ಳೆಯದೇ ಆಯಿತು, ಪೀಡೆ ಹೋಯಿತು" ಎಂದಾನೆಂದು ಹೆದರಿದ್ದೆ. ಅವನು ಹಾಗೆ ಹೇಳಲಿಲ್ಲ. ಮಗನ ಪಕ್ಕದಲ್ಲಿ ಕುಳಿತು, "ನಮ್ಮದೂ ಒಂದು ಸಲ ನಿಂತಿತ್ತು ಮಗಾ" ಎಂದ.

ಅದು ನಿಜ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಕಂಬಳದ ತಲೆಯ ಮೇಲೂ ಕತ್ತಿ ತೂಗತೊಡಗಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತೇ ಹೋಯಿತು. ಬಾರುಕೋಲಿನ ಪೆಟ್ಟು ತಿನ್ನುವ ಮೂಕಪ್ರಾಣಿಯ ಪರವಾಗಿ ಕೇಳಿದವರ ಪ್ರಶ್ನೆಯಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ವರ್ಷವೂ ಕೊಟ್ಟಿಗೆಗಳಲ್ಲಿ ಕೋಣಗಳಿದ್ದವು. ಅವುಗಳಿಗೆ ಹುರುಳಿ ಬೇಯಿಸುವುದನ್ನು, ಎಣ್ಣೆ ತಿಕ್ಕುವುದನ್ನು ಯಾರೂ ನಿಲ್ಲಿಸಲಿಲ್ಲ. 2017ರ ಜನವರಿಯಲ್ಲಿ ಜನ ಕೋಣಗಳನ್ನೇ ಹಿಡಿದುಕೊಂಡು ಮೂಡುಬಿದಿರೆಯಲ್ಲಿ ಬೀದಿಗಿಳಿದರು. ಕಾನೂನಿಗೆ ತಿದ್ದುಪಡಿಯಾಯಿತು, ಹಿಂಸೆಗೆ ಕಡಿವಾಣ ಹಾಕುವ ನಿಯಮಗಳು ಬಂದವು, 2023ರ ಮೇ 18ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಅಂದು ಬಸ್ಸಿನಲ್ಲಿ ಕಾಪುವಿಗೆ ಮರಳುವಾಗ ನನಗೆ ವ್ಯತ್ಯಾಸ ತಿಳಿಯಿತು. ಕಂಬಳಕ್ಕೆ ಬೇಕಾದ ಗದ್ದೆ, ಕೋಣ, ನೀರು ಊರಿನವು. ಕಬಡ್ಡಿಗೆ ಒಂದು ಗೆರೆ ಎಳೆದರೆ ಸಾಕು. ಆ ಗೆರೆಗೆ ಒಡೆಯನಿಲ್ಲ. ಹುಡುಗನ ಆಟಕ್ಕೆ ಒಡೆಯನಿದ್ದಾನೆ. ಆ ಆಟದ ಬಯಲು, ಮರ, ಮನೆ, ಕೊನೆಗೆ ಆಡುವವನ ಅಂಗಿ ಕೂಡ ಒಂದು ಕಂಪೆನಿಯ ಸೊತ್ತು. ಕೊರಿಯಾದಲ್ಲೂ ಪಂದ್ಯವನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕು ಯಾರದು ಎಂದು ಆಟ ಮಾಡಿದ ಕಂಪೆನಿಗೂ ಪಂದ್ಯ ನಡೆಸುವವರಿಗೂ ವರ್ಷಗಟ್ಟಲೆ ಜಗಳವಾಯಿತು. ಬಾಡಿಗೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಹೂಗಿಡ ಬೆಳೆಸಿದರೂ ಒಡೆಯ ಬಿಡು ಎಂದ ದಿನ ಬಿಡಬೇಕು, ಅಲ್ಲವೇ? 2023ರ ಮೇ ತಿಂಗಳಲ್ಲಿ ಆ ಆಟ ಮತ್ತೆ ಬಂತು. ಅಷ್ಟರಲ್ಲಿ ನಾಲ್ವರ ತಂಡ ಚದುರಿ ಹೋಗಿತ್ತು. ನಮ್ಮ ಹುಡುಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಸೇರಿದ್ದ.

ಅಲ್ಲಿಗೆ ಅವನ ಹುಚ್ಚು ಬಿಟ್ಟಿತೆಂದು ತಿಳಿಯಬೇಡಿ. 2024ರಲ್ಲಿ ವಿದ್ಯಾರ್ಥಿಗಳ ಒಂದು ಪಂದ್ಯಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಕತ್ತಲೆಯ ಸಭಾಂಗಣ, ವೇದಿಕೆಯ ಎರಡು ಬದಿಯಲ್ಲಿ ಕಿವಿ ಮುಚ್ಚಿಕೊಂಡ ಐದೈದು ಮಂದಿ, ನಡುವೆ ದೊಡ್ಡ ತೆರೆ. ಮೊದಲ ಅರ್ಧ ಗಂಟೆ ನನಗೆ ಮಿಂಚು ಗುಡುಗು ಬಿಟ್ಟರೆ ಏನೂ ಕಾಣಲಿಲ್ಲ. ವಿವರಣೆ ಕೊಡುವವನು ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಕೂಗುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದ ಹುಬ್ಬಳ್ಳಿಯ ಹುಡುಗಿ ನನ್ನ ಪಾಡು ನೋಡಿ, "ಆಂಟೀ, ಇವರು ಬಾಂಬ್ ಇಡಬೇಕ್ರಿ, ಅವರು ತಡೀಬೇಕು. ಮೊದಲು ಹದಿಮೂರು ಸುತ್ತು ಗೆದ್ದೋರು ಗೆದ್ದಂಗ" ಎಂದಳು. ಆಮೇಲೆ ಕಣ್ಣು ತೆರೆಯಿತು. ಹನ್ನೆರಡು ಹನ್ನೊಂದರಲ್ಲಿ ಒಬ್ಬ ಹುಡುಗ ಒಂಟಿಯಾಗಿ ಮೂವರನ್ನು ಎದುರಿಸಿದಾಗ ನಾನು ಆ ಹುಡುಗಿಯ ಕೈಯನ್ನೇ ಹಿಡಿದುಕೊಂಡಿದ್ದೆ. ನಮ್ಮ ಉಡುಪಿಯಲ್ಲೇ 99ಗೇಮ್ಸ್ ಎಂಬ ಕಂಪೆನಿ 2013ರಲ್ಲಿ ಧೂಮ್ 3 ಚಿತ್ರದ ಆಟವನ್ನೂ 2014ರಲ್ಲಿ ಸ್ಟಾರ್ ಶೆಫ್ ಎಂಬ ಅಡುಗೆಯ ಆಟವನ್ನೂ ಮಾಡಿ ಲೋಕಕ್ಕೆ ಕಳಿಸಿತ್ತೆಂದು ತಿಳಿದದ್ದೂ ಅಂದು ಅವಳಿಂದಲೇ. ಊಟಕ್ಕೆ ಹೆಸರಾದ ಊರಿನಿಂದ ಅಡುಗೆಯ ಆಟ!

ಸಭಾಂಗಣದಲ್ಲಿ ಹುಡುಗಿಯರು ಹುಡುಗರ ಸಮಕ್ಕೆ ಕೂಗುತ್ತಿದ್ದರು. ರಾತ್ರಿ ಎಂಟು ದಾಟಿತ್ತು, ನಿನಗಿಲ್ಲೇನು ಕೆಲಸ ಎಂದು ಅವರನ್ನು ಯಾರೂ ಕೇಳಲಿಲ್ಲ. ಆದರೆ ವೇದಿಕೆಯ ಮೇಲಿದ್ದ ಹತ್ತು ಮಂದಿಯಲ್ಲಿ ಒಬ್ಬಳೂ ಹುಡುಗಿಯಿರಲಿಲ್ಲ. ಈ ಆಟಕ್ಕೆ ತೋಳ್ಬಲವೂ ಬೇಡ, ಕೆಸರೂ ಇಲ್ಲ. ಮತ್ತೆ ಯಾಕೆ ಹೀಗೆ? ನನ್ನ ಪ್ರಶ್ನೆಗೆ ಹುಬ್ಬಳ್ಳಿಯವಳು, "ಮನ್ಯಾಗ ಫೋನ್ ಕಸ್ಕೋತಾರ್ರಿ ಆಂಟಿ, ಮೊದಲು ನಮ್ಮದೇ" ಎಂದಳು. ನಾನು ಸುಮ್ಮನಾದೆ. ಶಾಲೆಯಲ್ಲಿ ನಾನೂ ಎಷ್ಟು ಫೋನು ಕಸಿದಿಲ್ಲ!

ಈಗ ಕಾನೂನೂ ಈ ಆಟಗಳನ್ನು ಬೇರೆ ಮಾಡಿ ನೋಡುತ್ತಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇವುಗಳನ್ನು ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿತು. 2025ರ ಆಗಸ್ಟಿನಲ್ಲಿ ಬಂದ ಕಾಯಿದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಯೆಂದು ಒಪ್ಪಿತು. ತಾಯಂದಿರು ಈ ಎರಡರ ಅಂತರ ತಿಳಿದಿರುವುದು ಒಳ್ಳೆಯದು. ಇತ್ತ ಒಲಿಂಪಿಕ್ ಸಮಿತಿ ಸೌದಿ ಅರೇಬಿಯಾದ ಜೊತೆ ಸೇರಿ ಇಂಥದೇ ಕ್ರೀಡಾಕೂಟ ನಡೆಸುವೆನೆಂದು 2024ರಲ್ಲಿ ಸಾರಿ, 2025ರಲ್ಲಿ ಆ ಒಪ್ಪಂದವನ್ನು ಕೈಬಿಟ್ಟಿತು.

ಹಾಗಾದರೆ ಹುಡುಗನ ಪ್ರಶ್ನೆಗೆ ನನ್ನ ಉತ್ತರವೇನು? ನೋಡುತ್ತಾರೆ, ಖಂಡಿತ ನೋಡುತ್ತಾರೆ. ನಾನೇ ನೋಡಿದೆನಲ್ಲ. ತುಳುವಿನಲ್ಲೋ ಕನ್ನಡದಲ್ಲೋ ಬಿಡಿಸಿ ಹೇಳುವವನೊಬ್ಬ ಬಂದರೆ ಇನ್ನೂ ಹೆಚ್ಚು ಜನ ನೋಡುತ್ತಾರೆ. ಆದರೆ ಜನ ನೋಡುವುದು ಬೇರೆ, ಆಟ ಜನರದಾಗುವುದು ಬೇರೆ. ಒಡೆಯನ ಕೈಯಲ್ಲಿ ಬೀಗದ ಕೈ ಇರುವ ತನಕ ಆ ಮನೆಯನ್ನು ನಂಬಿ ಓದು ಬಿಡಬೇಡ ಎಂದು ನಾನು ಅವನಿಗೆ ಹೇಳಿದೆ. ಆಡಬೇಡ ಎಂದು ಮಾತ್ರ ಹೇಳಲಿಲ್ಲ.

ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಒಡೆಯನಿಲ್ಲದ ಆಟವೊಂದನ್ನು ನಾವೇ ಮಾಡಬೇಕು ಮಾಮಿ" ಎಂದ. ಅದು ಆಗುವ ಮಾತೋ ಅಲ್ಲವೋ ನಾನರಿಯೆ. ಕಳೆದ ಬಾರಿಯ ಮಿಯಾರು ಕಂಬಳಕ್ಕೆ ಅವನ ಕಾಲೇಜಿನ ಗೆಳೆಯರೆಲ್ಲ ಬಂದಿದ್ದರು, ಹುಬ್ಬಳ್ಳಿಯ ಹುಡುಗಿಯೂ ಇದ್ದಳು. ಗಂತು ಯಾವುದು, ಮಂಜೊಟ್ಟಿ ಯಾವುದು, ನೀರು ನಿಶಾನೆಗೆ ತಾಗಿದರೆ ಏನು ಎಂದು ಅವಳಿಗೆ ಹೇಳಿಕೊಡುವ ಸರದಿ ನನ್ನದಾಗಿತ್ತು. ನಡುರಾತ್ರಿಯ ಹೊತ್ತಿಗೆ ಅವಳು ಒಂದು ಜೋಡಿಯನ್ನು ತನ್ನದೆಂದು ಆರಿಸಿಕೊಂಡು ನನಗಿಂತ ಜೋರಾಗಿ ಕೂಗುತ್ತಿದ್ದಳು.