ಮೊದಲ ಸುತ್ತು ಯಾರದು?

2013ರ ನವೆಂಬರ್ 16ರ ರಾತ್ರಿ, ಲಾಸ್ ವೇಗಸ್. ನಮಗೆ ಇಲ್ಲಿ ಭಾನುವಾರದ ಬೆಳಿಗ್ಗೆ. ಐದು ಸುತ್ತು, ಒಟ್ಟು 25 ನಿಮಿಷ ಹೊಡೆದಾಡಿದ ಇಬ್ಬರು ರೆಫರಿಯ ಎಡಕ್ಕೂ ಬಲಕ್ಕೂ ನಿಂತಿದ್ದರು. ಒಬ್ಬ ಕೆನಡಾದ ಜಾರ್ಜ್ ಸೇಂಟ್ ಪಿಯೆರ್, 2008ರಿಂದ ಬೆಲ್ಟ್ ಬಿಟ್ಟುಕೊಡದ ಚಾಂಪಿಯನ್. ಅವನ ಮುಖ ಬಾತು ಹೋಗಿತ್ತು. ಇನ್ನೊಬ್ಬ ಅಮೆರಿಕದ ಜಾನಿ ಹೆಂಡ್ರಿಕ್ಸ್. ಅವನ ಮುಖದಲ್ಲಿ ಅಂಥ ಗುರುತೇನೂ ಇರಲಿಲ್ಲ. ಮೂವರು ತೀರ್ಪುಗಾರರಲ್ಲಿ ಒಬ್ಬರು ಹೆಂಡ್ರಿಕ್ಸ್‌ಗೆ 48-47 ಕೊಟ್ಟರು. ಉಳಿದಿಬ್ಬರು ಅದೇ 48-47ನ್ನು ಸೇಂಟ್ ಪಿಯೆರ್‌ಗೆ ಕೊಟ್ಟರು. ಬೆಲ್ಟ್ ಅಲ್ಲೇ ಉಳಿಯಿತು. ಯುಎಫ್‌ಸಿಯ ಮುಖ್ಯಸ್ಥ ಡೇನಾ ವೈಟ್ ಅಂದೇ ನೆವಾಡಾದ ಕ್ರೀಡಾ ಆಯೋಗದ ಮೇಲೆ ಹರಿಹಾಯ್ದ. ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: ದರೋಡೆ.

ಆದರೆ ಅಂಕಪಟ್ಟಿ ಬಿಡಿಸಿ ನೋಡಿದರೆ ಬೇರೆಯೇ ಕಥೆ ಇದೆ. ಎರಡನೆಯ ಮತ್ತು ನಾಲ್ಕನೆಯ ಸುತ್ತು ಹೆಂಡ್ರಿಕ್ಸ್‌ನದು, ಮೂರನೆಯದೂ ಐದನೆಯದೂ ಸೇಂಟ್ ಪಿಯೆರ್‌ನದು ಎಂಬುದರಲ್ಲಿ ಮೂವರಿಗೂ ಒಮ್ಮತವಿತ್ತು. ಭಿನ್ನಮತ ಇದ್ದದ್ದು ಮೊದಲ ಸುತ್ತಿನಲ್ಲಿ ಮಾತ್ರ. ಇಡೀ ಜಗಳ ಆ ಐದು ನಿಮಿಷದ್ದು. ಇಂಥ ಸ್ಥಿತಿ ಹೇಗೆ ಬಂತು ಎಂದು ತಿಳಿಯಲು ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೀರ್ಪುಗಾರರೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಬ್ಬ ಪ್ರಜ್ಞೆ ತಪ್ಪಬೇಕು, ಇಲ್ಲವೇ ಸೋಲೊಪ್ಪಿ ನೆಲ ತಟ್ಟಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯಬೇಕು. ನಮ್ಮ ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು ಎನ್ನುವ ಹಾಗೆ, ತೀರ್ಪು ಕಣ್ಣಿಗೇ ಕಾಣುತ್ತಿತ್ತು.

ಇದನ್ನು ಕೆಡಿಸಿದ್ದು ಗಡಿಯಾರ. 1994ರ ಡಿಸೆಂಬರ್‌ನಲ್ಲಿ ಟಲ್ಸಾದಲ್ಲಿ ಹೋಯ್ಸ್ ಗ್ರೇಸಿ ಮತ್ತು ಡ್ಯಾನ್ ಸೆವರ್ನ್ ನಡುವಿನ ಫೈನಲ್ ಹದಿನೈದು ನಿಮಿಷ ದಾಟಿತು. ಟಿವಿಯಲ್ಲಿ ಖರೀದಿಸಿದ್ದ ಸಮಯ ಅಷ್ಟರಲ್ಲಿ ಮುಗಿದು, ದುಡ್ಡು ಕೊಟ್ಟು ನೋಡುತ್ತಿದ್ದ ಅನೇಕರಿಗೆ ಕೊನೆಯೇ ಸಿಗಲಿಲ್ಲ. ಮುಂದಿನ ಕೂಟದಲ್ಲಿ, 1995ರ ಏಪ್ರಿಲ್‌ನಲ್ಲಿ, ಸಮಯದ ಮಿತಿ ಬಂತು. ಗ್ರೇಸಿ ಮತ್ತು ಕೆನ್ ಶ್ಯಾಮ್‌ರಾಕ್ 36 ನಿಮಿಷ ಸೆಣಸಿದರು. ಹೊತ್ತು ಮುಗಿಯಿತು, ಯಾರು ಗೆದ್ದರೆಂದು ಹೇಳಲು ಯಾರೂ ಇರಲಿಲ್ಲ, ಸಮ ಎಂದು ಘೋಷಿಸಿದರು. ಅದೇ ಡಿಸೆಂಬರ್‌ನಲ್ಲಿ ಪಂಜರದ ಪಕ್ಕ ತೀರ್ಪುಗಾರರು ಬಂದು ಕೂತರು. ಆಟ ಮುಗಿಯುವ ಮುನ್ನ ಹೊತ್ತು ಮುಗಿಯುವಂತಾದಾಗ ಹುಟ್ಟಿದ ಹುದ್ದೆ ಇದು.

ಮೊದಲಿಗೆ ಅವರ ಕೆಲಸ ಇಡೀ ಕಾದಾಟ ನೋಡಿ ಒಂದು ಹೆಸರು ಹೇಳುವುದಷ್ಟೇ. ಅದೂ ಸುಲಭವಿರಲಿಲ್ಲ. 1996ರ ಮೇ ತಿಂಗಳಲ್ಲಿ ಡೆಟ್ರಾಯಿಟ್‌ನಲ್ಲಿ ಮುಷ್ಟಿ ಬಿಗಿದು ಹೊಡೆಯಬಾರದು, ತಲೆಯಿಂದ ಡಿಕ್ಕಿ ಹೊಡೆಯಬಾರದು ಎಂಬ ಷರತ್ತಿನ ಮೇಲೆ ಕೂಟ ನಡೆಯಿತು. ಸೆವರ್ನ್ ಮತ್ತು ಶ್ಯಾಮ್‌ರಾಕ್ ಸುಮಾರು ಅರ್ಧ ಗಂಟೆ ಒಬ್ಬರ ಸುತ್ತ ಒಬ್ಬರು ತಿರುಗಿದ್ದೇ ಹೆಚ್ಚು. ಒಡೆದ ತೀರ್ಪಿನಲ್ಲಿ ಸೆವರ್ನ್ ಗೆದ್ದ. ಏನೂ ನಡೆಯದ ಕಡೆ ಏನನ್ನು ಅಳೆಯುವುದು?

1999ರ ಜುಲೈನಲ್ಲಿ ಅಯೋವಾದಲ್ಲಿ ನಡೆದ 21ನೆಯ ಯುಎಫ್‌ಸಿಯಲ್ಲಿ ಐದು ನಿಮಿಷದ ಸುತ್ತುಗಳೂ ಬಾಕ್ಸಿಂಗಿನಿಂದ ಕಡ ತಂದ ಹತ್ತು ಅಂಕದ ಪದ್ಧತಿಯೂ ಬಂದವು. ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಅಥವಾ ಅದಕ್ಕಿಂತ ಕಡಿಮೆ. 2000ದಲ್ಲಿ ನ್ಯೂಜೆರ್ಸಿ, ಮರುವರ್ಷ ನೆವಾಡಾ ಇದನ್ನು ಒಳಗೊಂಡ ಏಕರೂಪ ನಿಯಮಗಳನ್ನು ಒಪ್ಪಿದವು. ಈ ಆಟವನ್ನೇ ನಿಷೇಧಿಸಬೇಕು ಎಂದು ರಾಜಕಾರಣಿಗಳು ಹಟ ಹಿಡಿದಿದ್ದ ಕಾಲವದು. ಆಯೋಗಗಳಿಗೆ ಪರಿಚಯವಿದ್ದ ಅಂಕಪದ್ಧತಿಯನ್ನು ತಂದರೆ ಮಾನ್ಯತೆ ಸುಲಭವಾಗಿತ್ತು.

ಆದರೆ ಕಡ ತಂದ ಅಂಗಿ ಮೈಗೆ ಸರಿಯಾಗಿ ಕೂರಲಿಲ್ಲ. ಬಾಕ್ಸಿಂಗಿನ ದೊಡ್ಡ ಪಂದ್ಯಕ್ಕೆ ಹನ್ನೆರಡು ಸುತ್ತು. ಒಂದು ಸುತ್ತಿನಲ್ಲಿ ಎಡವಟ್ಟಾದರೆ ಉಳಿದ ಹನ್ನೊಂದು ಅದನ್ನು ತುಂಬಬಹುದು. ಇಲ್ಲಿ ಇರುವುದು ಸಾಮಾನ್ಯವಾಗಿ ಮೂರು, ಬೆಲ್ಟಿನ ಪಂದ್ಯವಾದರೆ ಐದು. ಕೂದಲೆಳೆಯಲ್ಲಿ ಗೆದ್ದ ಸುತ್ತಿಗೂ 10-9, ಎದುರಾಳಿಯನ್ನು ತತ್ತರಿಸುವಂತೆ ಬಡಿದ ಸುತ್ತಿಗೂ ಬಹಳ ಸಲ ಅದೇ 10-9. ಹೆಂಡ್ರಿಕ್ಸ್ ಎರಡನೆಯ ಸುತ್ತಿನಲ್ಲಿ ಚಾಂಪಿಯನ್ನನ್ನು ಅಲುಗಾಡಿಸಿದ್ದ. ಅದನ್ನು 10-8 ಎಂದು ಬರೆದು ಉಳಿದದ್ದನ್ನು ಹಾಗೆಯೇ ಬಿಟ್ಟರೆ, ಮೊದಲ ಸುತ್ತನ್ನು ಸೇಂಟ್ ಪಿಯೆರ್‌ಗೆ ಕೊಟ್ಟ ಪಟ್ಟಿ 47-47 ಆಗುತ್ತಿತ್ತು. ಒಂದೇ ಒಂದು ಅಂಕ.

ಹಾಗಾದರೆ ಬಿದ್ದ ಏಟುಗಳನ್ನು ಎಣಿಸಿಬಿಡಬಹುದಲ್ಲ? 2016ರ ಜನವರಿ 2ರಂದು ರಾಬಿ ಲಾಲರ್ ಮತ್ತು ಕಾರ್ಲೋಸ್ ಕಾಂಡಿಟ್ ಕಾದಾಡಿದಾಗ ಎಣಿಕೆಯವರ ಲೆಕ್ಕದಲ್ಲಿ ಕಾಂಡಿಟ್‌ನ ಮುಖ್ಯ ಏಟುಗಳು 176, ಲಾಲರ್‌ನದು 92. ಗೆದ್ದದ್ದು ಲಾಲರ್, ಅದೂ ಒಡೆದ ತೀರ್ಪಿನಲ್ಲಿ, 48-47. ಅವನ ಏಟು ಕಡಿಮೆಯಿದ್ದರೂ ಭಾರವಾಗಿದ್ದವು ಎನ್ನುವವರು ಇಂದಿಗೂ ಇದ್ದಾರೆ, ಕಾಂಡಿಟ್‌ಗೆ ಅನ್ಯಾಯವಾಯಿತು ಎನ್ನುವವರೂ ಇದ್ದಾರೆ. ಎಣಿಕೆಗೆ ತೂಕ ಗೊತ್ತಿಲ್ಲ, ತೂಗುವವರಿಗೆ ತಕ್ಕಡಿಯಿಲ್ಲ.

ಅದೇ ವರ್ಷ ಅಮೆರಿಕದ ಆಯೋಗಗಳ ಒಕ್ಕೂಟ ನಿಯಮದ ಮಾತುಗಳನ್ನು ತಿದ್ದಿತು. ಮೊದಲು ನೋಡಬೇಕಾದದ್ದು ಹೊಡೆತ ಮತ್ತು ಕುಸ್ತಿಯ ಪರಿಣಾಮ. ಅದರಲ್ಲಿ ಇಬ್ಬರೂ ಪೂರ್ತಿ ಸಮ ಎನಿಸಿದರೆ ಮಾತ್ರ ಯಾರು ಮುನ್ನುಗ್ಗಿದರು ಎಂಬುದು, ಅದೂ ಸಮವಾದರೆ ಪಂಜರದ ಮಧ್ಯವನ್ನು ಯಾರು ಹಿಡಿದಿಟ್ಟರು ಎಂಬುದು. 10-8 ಕೊಡಲು ಅಷ್ಟು ಹಿಂಜರಿಯಬೇಡಿ ಎಂದೂ ಹೇಳಿತು. ಇದರಿಂದ ಕೆಲವು ತೀರ್ಪು ಸುಧಾರಿಸಿರಬಹುದು, ಜಗಳ ಮಾತ್ರ ನಿಂತಿಲ್ಲ.

ಇದರಲ್ಲಿ ಕಳೆದುಕೊಳ್ಳುವವರು ಯಾರು? ಅನೇಕ ಫೈಟರ್‌ಗಳ ಒಪ್ಪಂದದಲ್ಲಿ ಪಂಜರಕ್ಕೆ ಇಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಬಹುತೇಕ ಅಷ್ಟೇ ಇನ್ನೊಂದು ಮೊತ್ತ. ಯಾರೋ ಒಬ್ಬರು 9ರ ಜಾಗದಲ್ಲಿ 10 ಬರೆದರೆ ತಿಂಗಳುಗಟ್ಟಲೆ ಪಟ್ಟ ಪಾಡಿನ ಕೂಲಿ ಅರ್ಧವಾಗುತ್ತದೆ. ಸೇಂಟ್ ಪಿಯೆರ್ ಮರುತಿಂಗಳೇ ಬೆಲ್ಟ್ ಬಿಟ್ಟುಕೊಟ್ಟು ದೂರ ಸರಿದ. ಹೆಂಡ್ರಿಕ್ಸ್ 2014ರ ಮಾರ್ಚ್‌ನಲ್ಲಿ ಲಾಲರ್‌ನನ್ನು 48-47ರಲ್ಲೇ ಸೋಲಿಸಿ ಖಾಲಿ ಬೆಲ್ಟ್ ಪಡೆದ. ಡಿಸೆಂಬರ್‌ನಲ್ಲಿ ಅದೇ ಲಾಲರ್‌ಗೆ ಒಡೆದ ತೀರ್ಪಿನಲ್ಲಿ ಕಳೆದುಕೊಂಡ. ಹೆಂಡ್ರಿಕ್ಸ್ ಆ ಮೂರು ಪಂದ್ಯಗಳನ್ನೂ ಕೊನೆಯ ಗಂಟೆಯವರೆಗೆ ಆಡಿದ, ಮೂರು ಸಲವೂ ಬೆಲ್ಟ್ ಯಾರ ಸೊಂಟಕ್ಕೆಂದು ಹೇಳಿದ್ದು ತೀರ್ಪುಗಾರರ ಪೆನ್ನು.

ಆದರೂ ಅವರನ್ನು ಬೈಯುವ ಮುನ್ನ ಒಂದು ನೆನಪಿಡೋಣ. ಪ್ರತಿ ಸುತ್ತು ಮುಗಿದ ಕೂಡಲೇ ತೀರ್ಪುಗಾರರ ಚೀಟಿ ಕೈಬಿಟ್ಟು ಹೋಗುತ್ತದೆ. ಆಮೇಲೆ ತಿದ್ದುವಂತಿಲ್ಲ. ಮೊದಲ ಸುತ್ತಿನ ಅಂಕ ಬರೆಯುವಾಗ ಇಡೀ ಪಂದ್ಯ ಇದರ ಮೇಲೆ ನಿಲ್ಲುತ್ತದೆ ಎಂದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಾದದ್ದು ಐದೂ ಮುಗಿದ ಮೇಲೆ, ಬಾತ ಮುಖ ನೋಡಿದ ಮೇಲೆ.

ಮುಂದಿನ ಭಾನುವಾರ ಫೋನ್ ಹಿಡಿದು ಪಂದ್ಯ ನೋಡುವವರು ಒಂದು ಕೆಲಸ ಮಾಡಿ. ಕಾಮೆಂಟರಿಯ ಸದ್ದು ಮುಚ್ಚಿ, ಪ್ರತಿ ಸುತ್ತಿನ ಕೊನೆಗೆ ಚೀಟಿಯಲ್ಲಿ ಅಂಕ ಬರೆದು ಮಗುಚಿಡಿ. ತಿದ್ದಬೇಡಿ. ಪಕ್ಕದಲ್ಲಿ ಕೂತ ರೂಮ್‌ಮೇಟ್‌ಗೂ ಹಾಗೇ ಮಾಡಲು ಹೇಳಿ. ಕೊನೆಗೆ ಎರಡನ್ನೂ ಹೋಲಿಸಿದಾಗ, ಒಂದೇ ಪರದೆ ನೋಡಿದ ನೀವಿಬ್ಬರೇ ಎಲ್ಲೋ ಒಂದು ಸುತ್ತಿನಲ್ಲಿ ಬೇರೆಯಾಗಿರುತ್ತೀರಿ.