ಇವತ್ತು ರೇಸು ಇದೆಯಾ?

ನಮ್ಮ ಮನೆಯಲ್ಲಿ ಕುದುರೆ ರೇಸಿನ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಮೈಸೂರಿನಲ್ಲಿದ್ದುಕೊಂಡು, ಚಾಮುಂಡಿ ಬೆಟ್ಟದ ತಪ್ಪಲಿನ ಆ ಹಸಿರು ಮೈದಾನವನ್ನು ದಿನಾ ನೋಡುತ್ತಾ ಅದರ ಹೆಸರೆತ್ತದೆ ಇರುವುದೇನೂ ಸುಲಭವಲ್ಲ. ಆದರೆ ಅಮ್ಮನ ಪಾಲಿಗೆ ರೇಸು ಎಂದರೆ ಗಂಡಸರ ಸಂಬಳ ನುಂಗುವ ಜಾಗ, ಅಷ್ಟೇ. ಅಲ್ಲಿ ದುಡಿದು ಸಂಬಳ ತರುವವರೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ನಮ್ಮ ಹಾಲಿನವಳಿಂದ.

ಅವಳ ಗಂಡ ಕುದುರೆ ಲಾಯದಲ್ಲಿ ಸೈಸ್. ಮಗ ಜಾಕಿಯಾಗಲು ಕಲಿಯುತ್ತಿದ್ದ ಹುಡುಗ. ಆಗೊಮ್ಮೆ ಈಗೊಮ್ಮೆ ಅವನಿಗೆ ರೇಸಿನಲ್ಲೂ ಸವಾರಿ ಸಿಗುತ್ತಿತ್ತು. ಜಡಿಮಳೆಯ ದಿನಗಳಲ್ಲಿ ಆಕೆ ಗೋಣಿಕೊಪ್ಪೆ ಹೊದ್ದು ಬಂದು, ಹಾಲು ಅಳೆಯುವ ಮೊದಲೇ ಕೇಳುತ್ತಿದ್ದಳು: “ಅಮ್ಮಾವ್ರೇ, ಪೇಪರ್‌ನಲ್ಲಿ ಏನಾದ್ರೂ ಬರ್ದವ್ರಾ? ಇವತ್ತು ರೇಸು ಅದಾ, ಇಲ್ವಾ?”

“ನಿಂಗ್ಯಾಕಮ್ಮ ಆ ಉಸಾಬರಿ?” ಎಂದು ಅಮ್ಮ ರೇಗುತ್ತಿದ್ದಳು.

“ಇದ್ರೆ ಮಗ ಬಿದ್ಗಿದ್ದಾನು ಅಂತ ದಿಗಿಲು. ಇಲ್ದಿದ್ರೆ ನಾಕು ಕಾಸು ಬರಲ್ಲ ಅಂತ ದಿಗಿಲು. ಯಾರೋ ಒಬ್ರು ಹೇಳ್ಬುಟ್ರೆ ಸಾಕು ತಾಯಿ.”

ಆ “ಯಾರೋ ಒಬ್ರು” ಯಾರು? ನನ್ನ ತಲೆಯಲ್ಲಿ ಕೂತದ್ದು ಆ ಪ್ರಶ್ನೆ. ಬಹಳ ವರ್ಷಗಳ ನಂತರ ರೇಸಿನ ಚರಿತ್ರೆ ಓದತೊಡಗಿದಾಗಲೂ, ಗೆದ್ದ ಕುದುರೆಗಳಿಗಿಂತ ಹೆಚ್ಚಾಗಿ ನಾನು ಹುಡುಕಿದ್ದು ಆ ಮನುಷ್ಯನನ್ನೇ.

ಅವನ ಹುದ್ದೆಗೆ ಇಂಗ್ಲೆಂಡಿನಲ್ಲಿ ‘ಕ್ಲರ್ಕ್ ಆಫ್ ದ ಕೋರ್ಸ್’ ಎಂದು ಹೆಸರು. ಹೆಸರಿಗೆ ಕ್ಲರ್ಕ್, ಆದರೆ ಮೈದಾನದ ಪೂರ್ತಿ ಹೊಣೆ ಅವನದು. ಬೆಳಗ್ಗೆ ಎದ್ದು ಕೋಲು ಹಿಡಿದು ಓಟದ ದಾರಿಯುದ್ದಕ್ಕೂ ನಡೆಯಬೇಕು, ನೆಲ ಚುಚ್ಚಿ ನೋಡಬೇಕು. ಗಟ್ಟಿ, ಹದ, ಮೆತ್ತಗೆ, ಭಾರಿ ಎಂದು ನೆಲಕ್ಕೊಂದು ಹೆಸರು ಕೊಡಬೇಕು. ನೀರು ನಿಂತಿದ್ದರೆ, ಹಿಮಗಟ್ಟಿದ್ದರೆ, ಸ್ಟುವರ್ಡ್‌ಗಳೊಂದಿಗೆ ಕೂತು ನಡೆಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸಬೇಕು. ನಮ್ಮ ದೇಶದ ರೇಸ್ ಕೋರ್ಸುಗಳಲ್ಲಿ ನೆಲದ ಹದ ಅಳೆಯಲು ಪೆನೆಟ್ರೋಮೀಟರ್ ಎಂಬ ಸಾಧನ ಬಳಸುತ್ತಾರೆ. ದೋಸೆಹಿಟ್ಟಿಗೆ ಸೌಟು ಅದ್ದಿ ಹದ ನೋಡುವ ನಮಗೆ ಅದರ ತತ್ವ ಹೊಸದೇನಲ್ಲ.

ಮಳೆ ಬಂದರೆ ಅಪಾಯ, ಬಿಸಿಲಿದ್ದರೆ ಕ್ಷೇಮ ಎಂದು ನಾನು ತಿಳಿದಿದ್ದೆ. ಅದೂ ಅರ್ಧ ಸತ್ಯವೇ. ಒಣಗಿ ಕಲ್ಲಾದ ನೆಲದಲ್ಲಿ ಕುದುರೆ ಬಹಳ ವೇಗವಾಗಿ ಓಡುತ್ತದೆ. ಕಾಲಿಗೆ ಬೀಳುವ ಪೆಟ್ಟೂ ಹೆಚ್ಚು. ಅದಕ್ಕೇ ಬೇಸಿಗೆಯಲ್ಲಿ ಮೈದಾನಕ್ಕೆ ನೀರು ಹಾಯಿಸುತ್ತಾರೆ. ಕೆಸರಿನಲ್ಲಿ ವೇಗ ತಗ್ಗುತ್ತದೆ, ಆದರೆ ಕುದುರೆ ಬೇಗ ಸೋಲುತ್ತದೆ. ಸೋತ ಕುದುರೆ ಬೇಲಿ ಹಾರುವಾಗ ಕಾಲು ಎತ್ತಲಾರದು.

ನಮ್ಮ ದೇಶದಲ್ಲಿ ಈ ಕಷ್ಟಕ್ಕೆ ಹಳಬರು ಕಂಡುಕೊಂಡ ಉಪಾಯ ಪಂಚಾಂಗದ್ದು. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಚಳಿಗಾಲದ ಓಟ; ಮಳೆಗಾಲಕ್ಕೆ ಕುದುರೆಗಳು ಘಟ್ಟ ಹತ್ತಿ ಪುಣೆಗೆ. ಕಲ್ಕತ್ತದಲ್ಲಿ ಮಳೆಗಾಲಕ್ಕೆಂದೇ ಬೇರೆ ಟ್ರ್ಯಾಕು. 1891ರಲ್ಲಿ ಆರಂಭವಾದ ಮೈಸೂರು ರೇಸ್ ಕ್ಲಬ್ಬಿನ ಮುಖ್ಯ ಸೀಸನ್ ಮಾತ್ರ ಬರುವುದು ಮಳೆಯ ತಿಂಗಳುಗಳಲ್ಲೇ. ನಮ್ಮ ಹಾಲಿನವಳ ದಿಗಿಲಿಗೆ ಅದೇ ಕಾರಣ.

ಆದರೆ ಮಳೆಗೂ ರೇಸಿಗೂ ನಡೆದ ಜಗಳದ ಚರಿತ್ರೆ ನೋಡಬೇಕೆಂದರೆ ಇಂಗ್ಲೆಂಡಿಗೇ ಹೋಗಬೇಕು. ಲಿವರ್‌ಪೂಲ್ ಬಳಿಯ ಏಂಟ್ರಿ ಎಂಬಲ್ಲಿ 1839ರಿಂದ ‘ಗ್ರ್ಯಾಂಡ್ ನ್ಯಾಷನಲ್’ ನಡೆಯುತ್ತ ಬಂದಿದೆ. ನಮ್ಮಲ್ಲಿಯಂತೆ ಬರೀ ಓಟವಲ್ಲ. ನಾಲ್ಕು ಮೈಲಿಗೂ ಹೆಚ್ಚು ದೂರ, ಎರಡು ಸುತ್ತು, ಹಾರಬೇಕಾದ ಬೇಲಿಗಳು ಮೂವತ್ತು.

1928ರಲ್ಲಿ ಅಲ್ಲಿ ಮಂಜು ಕವಿದಿತ್ತು, ನೆಲ ಕೆಸರಾಗಿತ್ತು. 42 ಕುದುರೆಗಳು ಹೊರಟವು. ‘ಕೆನಾಲ್ ಟರ್ನ್’ ಎಂಬ ತಿರುವಿನ ಬೇಲಿಯಲ್ಲಿ ಒಂದು ಕುದುರೆ ಸಿಕ್ಕಿಕೊಂಡಿತು, ಹಿಂದೆ ಬಂದವು ಒಂದರ ಮೇಲೊಂದು ಬಿದ್ದವು. ಕೊನೆ ಮುಟ್ಟಿದ್ದು ಎರಡೇ. ಅದರಲ್ಲೂ ಎರಡನೆಯದು ಕೊನೆಯ ಬೇಲಿಯಲ್ಲಿ ಬಿದ್ದು, ಸವಾರ ಮತ್ತೆ ಹತ್ತಿ ಬಂದದ್ದು. ಗೆದ್ದ ಟಿಪರರಿ ಟಿಮ್‌ನ ಬೆಲೆ ಒಂದಕ್ಕೆ ನೂರು. ಜನ ಆ ಅದೃಷ್ಟದ ಕತೆಯನ್ನೇ ಹೇಳಿಕೊಂಡರು. ಓಟ ನಡೆಯಬೇಕಿತ್ತೇ ಎಂಬುದು ಆ ಕಾಲದ ಪ್ರಶ್ನೆಯಾಗಿರಲಿಲ್ಲ. ಬೀಳುವುದು ಸವಾರನ ಹಣೆಬರಹ. ಆದರೂ ಮರುವರ್ಷದ ಹೊತ್ತಿಗೆ ಆ ಬೇಲಿಯ ಮುಂದಿನ ಹಳ್ಳವನ್ನು ಮುಚ್ಚಿಸಿದರು.

ನನ್ನನ್ನು ಬಹಳ ಕಾಡಿದ್ದು 1993ರ ಓಟ. ಅಂದು ಚಳಿ, ಮಳೆ. ಹೊರಡುವ ಗೆರೆಗೆ ಅಡ್ಡ ಕಟ್ಟುವ ಟೇಪು ನೆನೆದು ಜೋತುಬಿದ್ದಿತ್ತು. ಮೊದಲ ಸಲ ಹೊರಟದ್ದು ತಪ್ಪಾಯಿತು, ಎಲ್ಲರನ್ನೂ ಹಿಂದಕ್ಕೆ ಕರೆದರು. ಎರಡನೆಯ ಸಲ ಟೇಪು ಒಬ್ಬ ಜಾಕಿಯ ಕೊರಳಿಗೇ ಸುತ್ತಿಕೊಂಡಿತು. ನಿಲ್ಲಿಸಿ ಎಂದು ಬೀಸಬೇಕಾದ ಬಾವುಟ ಬಿಚ್ಚಿಕೊಳ್ಳಲಿಲ್ಲ. 39ರಲ್ಲಿ 30 ಕುದುರೆಗಳು ಓಟ ಆರಂಭವಾಯಿತೆಂದೇ ನಂಬಿ ಓಡಿದವು. ಮೈದಾನವೆಲ್ಲ ನಿಲ್ಲಿಸಿ ನಿಲ್ಲಿಸಿ ಎಂದು ಕೂಗುತ್ತಿದ್ದರೂ ಸವಾರರಿಗೆ ಅದು ಹುರಿದುಂಬಿಸುವ ಕೂಗಿನ ಹಾಗೆ ಕೇಳಿಸಿತಂತೆ.

ಆಗ ಅಧಿಕಾರಿಗಳಿದ್ದ ಕೋಣೆಗೆ ಒಬ್ಬ ಹೆಂಗಸು ಅಳುತ್ತ ನುಗ್ಗಿದಳು. ಜೆನ್ನಿ ಪಿಟ್‌ಮನ್. 1983ರಲ್ಲಿ ಈ ಓಟ ಗೆದ್ದ ಕುದುರೆಯನ್ನು ಪಳಗಿಸಿದ್ದವಳು. ಆ ಗೌರವ ಪಡೆದ ಮೊದಲ ಮಹಿಳಾ ಟ್ರೇನರ್. ಇದನ್ನು ನಿಲ್ಲಿಸಿ ಎಂದು ಬೇಡಿಕೊಂಡಳು. ನಿಲ್ಲಿಸುವ ದಾರಿ ಯಾರ ಕೈಯಲ್ಲೂ ಇರಲಿಲ್ಲ. ಏಳು ಕುದುರೆಗಳು ಪೂರ್ತಿ ಓಡಿ ಮುಗಿಸಿದವು. ಮೊದಲು ಬಂದದ್ದು ಈಶಾ ನೆಸ್. ಅದು ಪಿಟ್‌ಮನ್ ಪಳಗಿಸಿದ ಕುದುರೆಯೇ! ಓಟ ರದ್ದಾಯಿತು, ಸುಮಾರು 7.5 ಕೋಟಿ ಪೌಂಡುಗಳ ಬಾಜಿಹಣ ವಾಪಸು ಕೊಡಬೇಕಾಯಿತು. ಮುಂದೆ ನಡೆದ ವಿಚಾರಣೆಯ ನಂತರ ಟೇಪು ಬದಲಾಯಿತು. ದೂರದಲ್ಲಿ ಇನ್ನಷ್ಟು ಬಾವುಟದವರನ್ನು ನಿಲ್ಲಿಸಿ, ಅವರಿಗೆ ರೇಡಿಯೋ ಸಂಪರ್ಕ ಕೊಟ್ಟರು.

1997ರಲ್ಲಿ ಬಾಂಬಿನ ಬೆದರಿಕೆ ಬಂತು. ಸುಮಾರು 60,000 ಜನರನ್ನು ಮೈದಾನದಿಂದ ಹೊರಗೆ ಕಳಿಸಿ, ಶನಿವಾರದ ಓಟವನ್ನು ಸೋಮವಾರ ನಡೆಸಿದರು. ಅಂದರೆ ಮನಸ್ಸು ಮಾಡಿದರೆ ಮುಂದೂಡಬಹುದು! ಆದರೆ 2001ರ ಏಪ್ರಿಲ್ 7ರ ಮಳೆಗೆ ಆ ಮರ್ಯಾದೆ ಸಿಗಲಿಲ್ಲ. ಆ ವರ್ಷ ಬ್ರಿಟನ್ನಿನ ದನಕರುಗಳಿಗೆ ಕಾಲುಬಾಯಿ ರೋಗ ಹರಡಿ, ಚೆಲ್ಟನ್‌ಹ್ಯಾಮಿನ ದೊಡ್ಡ ರೇಸೇ ರದ್ದಾಗಿತ್ತು. ಇದೂ ಹೋದರೆ ಹೇಗೆ ಎಂಬ ಆತಂಕ ಯಾರಿಗಾದರೂ ಅರ್ಥವಾಗುವಂಥದ್ದೇ. ಕೆಸರಿನಲ್ಲೇ 40 ಕುದುರೆಗಳು ಹೊರಟವು. ಸವಾರನಿಲ್ಲದ ಒಂದು ಕುದುರೆ ಅದೇ ಕೆನಾಲ್ ಟರ್ನಿನಲ್ಲಿ ಅಡ್ಡ ನುಗ್ಗಿ ಒಂದು ಹಿಂಡನ್ನೇ ತಡೆಯಿತು. ಕೊನೆ ಮುಟ್ಟಿದ್ದು ನಾಲ್ಕು. ಅದರಲ್ಲೂ ಎರಡು, ಜಾಕಿಗಳು ಮತ್ತೆ ಹತ್ತಿ ತಂದವು. ಗೆದ್ದ ರೆಡ್ ಮರಾಡರ್‌ಗೆ ಹಿಡಿದದ್ದು 11 ನಿಮಿಷ. ಅದೃಷ್ಟಕ್ಕೆ ಆ ಓಟದಲ್ಲಿ ಯಾವ ಕುದುರೆಯೂ ಸಾಯಲಿಲ್ಲ. ಮೂರು ವರ್ಷ ಹಿಂದೆ, 1998ರಲ್ಲಿ, ಅಂಥದೇ ನೆಲದ ಮೇಲೆ ಮೂರು ಕುದುರೆಗಳು ಸತ್ತಿದ್ದವು.

ಕೆಲವರು ಅದನ್ನು ಶೌರ್ಯವೆಂದರು, ಕೆಲವರು ನಾಚಿಕೆಗೇಡೆಂದರು. ನಿಧಾನವಾಗಿ ನಿಯಮಗಳು ಎರಡನೆಯವರ ಕಡೆಗೆ ವಾಲಿದವು. ಬಿದ್ದವರು ಮತ್ತೆ ಹತ್ತಿ ಓಟ ಮುಂದುವರಿಸುವುದನ್ನು 2009ರಲ್ಲಿ ನಿಷೇಧಿಸಿದರು. 2013ರಲ್ಲಿ ಬೇಲಿಗಳ ಒಳಗಿನ ಮರದ ತಿರುಳು ತೆಗೆದು, ಬಾಗುವ ಪ್ಲಾಸ್ಟಿಕ್ ಹಾಕಿದರು. 2024ರಲ್ಲಿ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿ, ವೇಗ ತಗ್ಗಲೆಂದು ಮೊದಲ ಬೇಲಿಯನ್ನು 60 ಗಜ ಹತ್ತಿರ ತಂದರು. ನೆಲದ ಹದ ಕೆಡುವ ಮೊದಲೇ ನಡೆಯಲೆಂದು ಹೊತ್ತನ್ನೂ ಹಿಂದಕ್ಕೆ ಸರಿಸಿದರು.

ಈ ನಡುವೆ ಇನ್ನೊಂದು ಬೇಲಿಯನ್ನೂ ಹಾರಿದ್ದಾಯಿತು. 1977ರಲ್ಲಿ ಷಾರ್ಲಟ್ ಬ್ರೂ ಈ ಓಟಕ್ಕಿಳಿದ ಮೊದಲ ಮಹಿಳೆಯಾದಾಗ, ಹೆಂಗಸರಿಗೆ ಇದು ಅಪಾಯ ಎಂದು ಹೇಳಿದವರಿಗೇನೂ ಕಡಿಮೆಯಿರಲಿಲ್ಲ. 2021ರಲ್ಲಿ ರೇಚಲ್ ಬ್ಲ್ಯಾಕ್‌ಮೋರ್ ಗೆದ್ದೇ ತೋರಿಸಿದಳು. ಅಪಾಯ ಹೆಂಗಸಿಗೊಂದು, ಗಂಡಸಿಗೊಂದು ಅಂತ ಇರುವುದಿಲ್ಲವಲ್ಲ. ನೆಲ ಕೆಟ್ಟರೆ ಇಬ್ಬರಿಗೂ ಕೆಟ್ಟದ್ದೇ.

ಮಳೆಗಾಲದ ಬೆಳಗ್ಗೆ ನಾವು ತಾಯಂದಿರು ಮಗುವಿಗೆ ಯೂನಿಫಾರ್ಮ್ ತೊಡಿಸಿ, ಜಿಲ್ಲಾಧಿಕಾರಿ ರಜ ಕೊಟ್ಟರೋ ಇಲ್ಲವೋ ಎಂದು ಕಾಯುತ್ತೇವೆ. ಸುದ್ದಿ ಬರುವ ಹೊತ್ತಿಗೆ ಎಷ್ಟೋ ಸಲ ಮಗು ನೆನೆದುಕೊಂಡು ಶಾಲೆಯ ಬಾಗಿಲಲ್ಲಿರುತ್ತದೆ. ರಜ ಕೊಟ್ಟ ದಿನ ಬಿಸಿಲು ಬಂದರೆ ಎಲ್ಲರೂ ನಗುತ್ತೇವೆ. ಬೇಡ ಎನ್ನುವವನಿಗೆ ಯಾವತ್ತೂ ಹೊಗಳಿಕೆಯಿಲ್ಲ. ಅವನು ತಪ್ಪಿಸಿದ ಅನಾಹುತ ಕಣ್ಣಿಗೆ ಕಾಣುವುದಿಲ್ಲ. ತಪ್ಪಿದ ಗಳಿಕೆ ಕಾಣುತ್ತದೆ. ಹಾಗಿದ್ದೂ ಆ ಮಾತನ್ನು ಅವನೇ ಆಡಬೇಕು. ಸವಾರಿ ಬಿಟ್ಟರೆ ಮುಂದಿನ ಸವಾರಿ ಸಿಗದು ಎಂಬ ಹುಡುಗ ಆಡಲಾರ. ನಾಲ್ಕು ಕಾಸಿನ ಲೆಕ್ಕ ಹಾಕುವ ತಾಯಿ ಆಡಲಾರಳು.

ಆ ಹುಡುಗ ಬೀಳಲಿಲ್ಲ. ಜಾಕಿಯಾಗಲೂ ಇಲ್ಲ, ಎತ್ತರ ಬೆಳೆದು ತೂಕ ಹೆಚ್ಚಾಗಿ, ಲಾಯದಲ್ಲೇ ಅಪ್ಪನ ಕೆಲಸಕ್ಕೆ ನಿಂತ. “ದೇವರು ದೊಡ್ಡೋನು, ಮೈ ಬೆಳೆಸ್ಬುಟ್ಟ” ಎಂದಳು ಹಾಲಿನವಳು. ಅಂದು ಅಮ್ಮ ಅವಳಿಗೆ ಕಾಫಿ ಕೊಟ್ಟಳು. ಆಮೇಲೆ ಮಳೆ ಹಿಡಿದ ಬೆಳಗ್ಗೆಗಳಲ್ಲಿ ಅಮ್ಮನೇ ಪೇಪರು ಬಿಡಿಸಿ, ರೇಸಿನ ಪುಟ ಹುಡುಕಿ, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.